ನೀರೆತ್ತುವ ಲೆಕ್ಕವನ್ನು ಕಲಿಸಿದವನು

ಪಟ್ಟಣವಾಸಿಗಳಾದ ನಾವು ಬೆಳಗಾದೊಡನೆ ನಲ್ಲಿಯನ್ನು ತಿರುಗಿಸುತ್ತೇವೆ, ನೀರು ಬರುತ್ತದೆ. ಬಾರದ ದಿನ ಗೊಣಗುತ್ತೇವೆ, ಬಂದ ದಿನ ಮರೆಯುತ್ತೇವೆ. ನೀರಿಗೆ ತೂಕವಿದೆಯೆಂಬ ಸಂಗತಿ ಬಾವಿಯಿಂದ ಕೊಡವನ್ನು ಸೇದಿದ ಹೆಂಗಸಿಗೆ ಮಾತ್ರ ಚೆನ್ನಾಗಿ ಗೊತ್ತು. ಬಾವಿ ಎಷ್ಟು ಆಳವೋ ಆಯಾಸವೂ ಅಷ್ಟೇ ಎಂಬುದನ್ನಾಗಲಿ, ತೂತುಬಿದ್ದ ಕೊಡದಿಂದ ನೀರು ಸೋರುವಾಗ ತನ್ನ ಶ್ರಮವೂ ಅದರೊಡನೆ ಸೋರಿಹೋಗುತ್ತದೆಂಬುದನ್ನಾಗಲಿ ಆಕೆಗೆ ಯಾರೂ ಕಲಿಸಬೇಕಾದುದಿಲ್ಲ. ಆಕೆಯ ತೋಳೇ ಆಕೆಯ ಲೆಕ್ಕದ ಪುಸ್ತಕ. ಆದರೆ ಇಡೀ ಪಟ್ಟಣಕ್ಕೆ ನೀರನ್ನು ಸೇದುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದ ದಿನದಿಂದ ಆ ಲೆಕ್ಕ ನಮ್ಮ ಕಣ್ಣಿಗೆ ಮರೆಯಾಯಿತು. ಯಂತ್ರಕ್ಕೆ ತೋಳು ನೋಯುವುದಿಲ್ಲ. ಅದು ಕಲ್ಲಿದ್ದಲನ್ನೋ ಎಣ್ಣೆಯನ್ನೋ ವಿದ್ಯುತ್ತನ್ನೋ ಕೇಳಿದಷ್ಟು ತಿಂದು ಸುಮ್ಮನಿರುತ್ತದೆ. ಅದು ತಿಂದುದು ಎಷ್ಟು, ದುಡಿದುದು ಎಷ್ಟು ಎಂದು ಕೇಳಿ ಬರೆದಿಡುವವರು ಬೇಕಾಯಿತು.

ಹೀಗೆ ಕೇಳಿ, ಅಳೆದು, ಬರೆದಿಡುವ ಕ್ರಮವನ್ನು ಯಂತ್ರಶಾಸ್ತ್ರಕ್ಕೆ ಕಲಿಸಿಕೊಟ್ಟವರಲ್ಲಿ ಅಗ್ರಗಣ್ಯನು ಇಂಗ್ಲೆಂಡಿನ ಜಾನ್ ಸ್ಮೀಟನ್. ಸಮುದ್ರದ ನಡುವೆ ಬಂಡೆಯ ಮೇಲೆ ದೀಪಸ್ತಂಭವನ್ನು ಕಟ್ಟಿದ ಮಹಾಶಿಲ್ಪಿಯೆಂದು ಅವನ ಹೆಸರು ಶಾಲೆಯ ಪುಸ್ತಕಗಳಲ್ಲಿಯೂ ಸೇರಿದೆ. ಆ ಕೀರ್ತಿಯನ್ನು ನಾವು ಕಡಿಮೆ ಮಾಡಲಿಚ್ಛಿಸುವುದಿಲ್ಲ. ಆದರೆ ಪುರಸಭೆಗಳ ಆಯವ್ಯಯ ಪತ್ರಿಕೆಯನ್ನು ಪರಿಶೀಲಿಸುವ ಅಧಿಕಾರಿಗಳೂ, ನೀರಿನ ಕಂದಾಯವನ್ನು ಕೊಡುವ ಪೌರರೂ ಅವನಿಂದ ಕಲಿಯಬೇಕಾದ ಪಾಠವು ದೀಪಸ್ತಂಭದಲ್ಲಿಲ್ಲ. ಅದು ಅವನು ತನ್ನ ಒಂದು ಸೋಲಿನ ನಂತರ ಬರೆದ ಕೆಲವು ಅಂಕೆಗಳಲ್ಲಿದೆ. ಆ ಕಥೆಯನ್ನು ಇಂದು ವಾಚಕರ ಮುಂದಿಡುತ್ತೇವೆ.

ಸ್ಮೀಟನ್ನನು 1724ನೆಯ ಇಸವಿ ಜೂನ್ 8ನೆಯ ತಾರೀಖಿನಂದು ಯಾರ್ಕ್‌ಷೈರ್ ಪ್ರಾಂತದ ಲೀಡ್ಸ್ ಪಟ್ಟಣಕ್ಕೆ ಸಮೀಪವಾದ ಆಸ್ಥಾರ್ಪ್ ಎಂಬಲ್ಲಿ ಜನಿಸಿದನು. ತಂದೆ ವಕೀಲ. ಮಗನೂ ತನ್ನ ವೃತ್ತಿಯನ್ನೇ ಹಿಡಿಯಬೇಕೆಂದು ತಂದೆಯ ಬಯಕೆ. ಮಗನಿಗಾದರೋ ಉಳಿ, ಸುತ್ತಿಗೆ, ತಿರುಗಣಿಗಳ ಮೇಲೆಯೇ ಮೋಹ. ಲೀಡ್ಸಿನ ಶಾಲೆಯಲ್ಲಿ ವಿದ್ಯಾಭ್ಯಾಸವಾದ ಮೇಲೆ 1742ರಲ್ಲಿ ಅವನನ್ನು ನ್ಯಾಯಶಾಸ್ತ್ರದ ವ್ಯಾಸಂಗಕ್ಕಾಗಿ ಲಂಡನ್ನಿಗೆ ಕಳುಹಿಸಿದರು. ಅಲ್ಲಿ ಅವನ ಮನಸ್ಸು ನ್ಯಾಯಾಲಯಕ್ಕಿಂತ ಉಪಕರಣ ತಯಾರಕರ ಅಂಗಡಿಗಳ ಕಡೆಗೇ ಹರಿಯಿತು. ತಂದೆಯು ಹಠ ಮಾಡದೆ ಅವನ ಇಷ್ಟಕ್ಕೆ ಒಪ್ಪಿಕೊಂಡುದು ಲೋಕದ ಭಾಗ್ಯವೆನ್ನಬೇಕು. ಸ್ಮೀಟನ್ನನು ಗಣಿತೋಪಕರಣಗಳನ್ನು ಮಾಡುವ ಕಸುಬನ್ನು ಕಲಿತು ಲಂಡನ್ನಿನಲ್ಲಿ ಸ್ವಂತ ಕಾರ್ಯಾಗಾರವನ್ನು ತೆರೆದನು. 1753ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ರಾಯಲ್ ಸೊಸೈಟಿಯ ಸದಸ್ಯನಾದನು.

ಉಪಕರಣಗಳನ್ನು ಮಾಡುವವನ ಸ್ವಭಾವವನ್ನು ನಾವು ಇಲ್ಲಿ ಗಮನಿಸಬೇಕು. ಕೂದಲೆಳೆಯಷ್ಟು ತಪ್ಪಿದರೂ ಅವನ ಸಾಮಾನು ಬೆಲೆಗೆಡುತ್ತದೆ. ಸುಮಾರಾಗಿದೆಯೆಂಬ ಮಾತು ಅವನ ಅಂಗಡಿಯಲ್ಲಿ ನಡೆಯುವುದಿಲ್ಲ. ಈ ಸ್ವಭಾವವನ್ನು ಸ್ಮೀಟನ್ನನು ಅಂಗಡಿಯಿಂದ ನದಿಗೆ, ನದಿಯಿಂದ ಗಣಿಗೆ, ಗಣಿಯಿಂದ ಪಟ್ಟಣದ ನೀರಿನ ಕಾರ್ಖಾನೆಗೆ ಕೊಂಡೊಯ್ದನು.

ಆ ಕಾಲದಲ್ಲಿ ಯಂತ್ರಗಳಿಗೆ ಮುಖ್ಯಾಧಾರವು ನೀರಿನ ಚಕ್ರ. ಚಕ್ರದ ಕೆಳಗೆ ಹರಿಯುವ ನೀರು ಹಲಗೆಗಳನ್ನು ತಳ್ಳಿ ತಿರುಗಿಸುವುದೊಂದು ಬಗೆ. ಮೇಲಿನಿಂದ ಸುರಿದ ನೀರು ಬುಟ್ಟಿಗಳಲ್ಲಿ ತುಂಬಿ ತನ್ನ ಭಾರದಿಂದಲೇ ಇಳಿದು ತಿರುಗಿಸುವುದು ಇನ್ನೊಂದು ಬಗೆ. ಇವೆರಡರಲ್ಲಿ ಯಾವುದು ಮೇಲೆಂಬುದರಲ್ಲಿ ಪಂಡಿತರಿಗೆ ಒಮ್ಮತವಿರಲಿಲ್ಲ. ಕೆಳಹರಿವಿನ ಚಕ್ರವೇ ಉತ್ತಮವೆಂದು ವಾದಿಸಿದ ಪ್ರಸಿದ್ಧ ಗ್ರಂಥಕರ್ತರೂ ಇದ್ದರು. ಇಂತಹ ಚಕ್ರವು ಪ್ರವಾಹದ ಶಕ್ತಿಯಲ್ಲಿ 27ರಲ್ಲಿ 4 ಪಾಲಿಗಿಂತ ಹೆಚ್ಚನ್ನು ಕೊಡಲಾರದೆಂದು ಫ್ರಾನ್ಸಿನ ಪಾರೆಂಟ್ ಎಂಬ ವಿದ್ವಾಂಸನು 1704ರಲ್ಲಿ ಕಾಗದದ ಮೇಲೆ ಸಿದ್ಧಮಾಡಿ ತೋರಿಸಿದ್ದನು. ಗಿರಣಿಯನ್ನು ಕಟ್ಟುವ ಬಡಗಿಯು ಮಾತ್ರ ಈ ವಾದವೊಂದನ್ನೂ ಓದದೆ ತನ್ನ ತಾತನ ಪದ್ಧತಿಯಂತೆ ಕಟ್ಟುತ್ತಿದ್ದನು.

ಸ್ಮೀಟನ್ನನು ವಾದಕ್ಕಿಳಿಯಲಿಲ್ಲ. 1752 ಮತ್ತು 1753ರಲ್ಲಿ ಎರಡು ಅಡಿ ವ್ಯಾಸದ ಒಂದು ಚಿಕ್ಕ ಚಕ್ರವನ್ನು ಮಾಡಿದನು. ಮೇಲೊಂದು ನೀರಿನ ತೊಟ್ಟಿ, ಕೆಳಗೆ ಇನ್ನೊಂದು. ಕೆಳಗೆ ಬಿದ್ದ ನೀರನ್ನು ಕೈಪಂಪಿನಿಂದ ಮೇಲಿನ ತೊಟ್ಟಿಗೆ ಮರಳಿ ಏರಿಸುತ್ತ, ಅಲ್ಲಿನ ಮಟ್ಟವು ಒಂದೇ ಸಮನಾಗಿರುವಂತೆ ನೋಡಿಕೊಂಡು, ಪಂಪಿನ ಎಳೆತಗಳನ್ನು ಎಣಿಸಿದನು. ಅದರಿಂದ ಎಷ್ಟು ನೀರು ವೆಚ್ಚವಾಯಿತೆಂಬುದು ತಿಳಿಯಿತು. ಚಕ್ರದ ಅಚ್ಚಿಗೆ ಹಗ್ಗವನ್ನು ಸುತ್ತಿ ಅದರ ತುದಿಯಲ್ಲಿ ತಕ್ಕಡಿಯ ತಟ್ಟೆಯನ್ನು ಕಟ್ಟಿ ತೂಕವನ್ನಿಟ್ಟನು. ಒಂದು ನಿಮಿಷದಲ್ಲಿ ಎಷ್ಟು ತೂಕವು ಎಷ್ಟು ಎತ್ತರಕ್ಕೆ ಏರಿತೆಂದು ನೋಡಿದನು. ಅಚ್ಚಿನ ಉಜ್ಜಾಟದಲ್ಲಿ ನಷ್ಟವಾದ ಪಾಲನ್ನೂ ಬೇರೆಯಾಗಿ ಅಳೆದು ಲೆಕ್ಕಕ್ಕೆ ಸೇರಿಸಿದನು. ಬಿದ್ದ ನೀರಿನ ತೂಕವನ್ನು ಬಿದ್ದ ಎತ್ತರದಿಂದ ಗುಣಿಸಿದರೆ ಕೊಟ್ಟ ಶಕ್ತಿ. ಏರಿದ ತೂಕವನ್ನು ಏರಿದ ಎತ್ತರದಿಂದ ಗುಣಿಸಿದರೆ ಪಡೆದ ಕೆಲಸ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ವಾದವೇ ಉಳಿಯುವುದಿಲ್ಲ. ಕೆಳಹರಿವಿನ ಚಕ್ರವು ಉತ್ತಮ ಸ್ಥಿತಿಯಲ್ಲಿಯೂ ಮೂರರಲ್ಲಿ ಒಂದು ಪಾಲನ್ನು ಮಾತ್ರ ಕೊಡುತ್ತದೆಂದೂ, ಮೇಲ್ಸುರಿಯ ಚಕ್ರವು ಮೂರರಲ್ಲಿ ಎರಡು ಪಾಲನ್ನು ಕೊಡುತ್ತದೆಂದೂ ತಿಳಿದುಬಂದಿತು. ಪಾರೆಂಟನ ಲೆಕ್ಕವೂ ತಪ್ಪು, ಗ್ರಂಥಕರ್ತರ ಅಭಿಪ್ರಾಯವೂ ತಪ್ಪು.

ಇಂತಹ ಫಲವು ದೊರೆತೊಡನೆ ಬೇರೊಬ್ಬನಾಗಿದ್ದರೆ ಊರೆಲ್ಲ ಸಾರುತ್ತಿದ್ದನು. ಸ್ಮೀಟನ್ನನು ಅದನ್ನು ನಿಜವಾದ ಗಿರಣಿಗಳಲ್ಲಿ ಬಳಸಿ ನೋಡುವವರೆಗೂ ಪ್ರಕಟಿಸಲಿಲ್ಲ. 1759ರಲ್ಲಿ ಅದನ್ನು ರಾಯಲ್ ಸೊಸೈಟಿಯ ಮುಂದೆ ಓದಿದನು. ಆ ಸಂಸ್ಥೆಯು ಅವನಿಗೆ ಕಾಪ್ಲಿ ಪದಕವನ್ನಿತ್ತು ಗೌರವಿಸಿತು.

ಆ ವರ್ಷವೇ ಅವನ ದೀಪಸ್ತಂಭವೂ ಬೆಳಗಿತು. ಪ್ಲಿಮತ್ ಬಂದರಿನ ಮುಂದೆ ಎಡಿಸ್ಟನ್ ಎಂಬ ಬಂಡೆಯ ಮೇಲಿದ್ದ ಮೊದಲಿನ ಸ್ತಂಭವು 1703ರ ಬಿರುಗಾಳಿಯಲ್ಲಿ ಕೊಚ್ಚಿಹೋಗಿತ್ತು. ಅನಂತರದ್ದು 1755ರಲ್ಲಿ ಬೆಂಕಿಗೆ ಆಹುತಿಯಾಯಿತು. ಸ್ಮೀಟನ್ನನು ಕಲ್ಲುಗಳನ್ನು ಒಂದರೊಳಗೊಂದು ಕಚ್ಚಿಕೊಳ್ಳುವಂತೆ ಕಡೆಸಿ, ನೀರಿನಲ್ಲಿಯೂ ಗಟ್ಟಿಯಾಗುವ ಸುಣ್ಣವು ಯಾವುದೆಂದು ಪ್ರಯೋಗಗಳಿಂದ ಕಂಡುಕೊಂಡು, ಮೂರನೆಯದನ್ನು ಕಟ್ಟಿದನು. 1759ನೆಯ ಇಸವಿ ಅಕ್ಟೋಬರ್ 16ರಂದು ಅದರ ದೀಪವನ್ನು ಹಚ್ಚಿದರು. ಶತಮಾನಕ್ಕೂ ಮಿಕ್ಕು ಅದು ಸಮುದ್ರವನ್ನೆದುರಿಸಿ ನಿಂತಿತು. ಕೊನೆಗೆ ಸವೆದುದು ಅದರ ಅಡಿಯ ಬಂಡೆಯೇ ಹೊರತು ಸ್ತಂಭವಲ್ಲ. ಕಳಚಿ ತಂದ ಅದರ ಮೇಲ್ಭಾಗವು ಇಂದಿಗೂ ಪ್ಲಿಮತ್ತಿನ ದಂಡೆಯ ಮೇಲೆ ನಿಂತಿದೆ.

ಇದು ಹಾಗಿರಲಿ. ನಮ್ಮ ವಿಷಯವು ಲಂಡನ್ ನಗರದ ನೀರು.

ಲಂಡನ್ನಿಗೆ ಆಗ ಎರಡು ಮುಖ್ಯ ಮಾರ್ಗಗಳಿಂದ ನೀರು ಬರುತ್ತಿದ್ದಿತು. ಒಂದು, ಥೇಮ್ಸ್ ನದಿಯ ಹಳೆಯ ಸೇತುವೆಯ ಕಮಾನುಗಳಲ್ಲಿ ಹೂಡಿದ್ದ ಚಕ್ರಗಳು. ಪೀಟರ್ ಮಾರಿಸ್ ಎಂಬುವನು 1582ರ ಸುಮಾರಿನಲ್ಲಿ ಇವನ್ನು ಪ್ರಾರಂಭಿಸಿದ್ದನು. ಸಮುದ್ರದ ಉಬ್ಬರವಿಳಿತಗಳಿಂದ ಕಮಾನುಗಳಲ್ಲಿ ನುಗ್ಗುವ ನೀರೇ ಚಕ್ರವನ್ನು ತಿರುಗಿಸಿ, ಅದೇ ನದಿಯ ನೀರನ್ನು ಪಂಪುಗಳ ಮೂಲಕ ಮನೆಗಳಿಗೆ ಏರಿಸುತ್ತಿದ್ದಿತು. ಇಲ್ಲಿ ಐದನೆಯ ಕಮಾನಿಗೆ 32 ಅಡಿ ವ್ಯಾಸದ ಹೊಸ ಚಕ್ರವನ್ನು ಸ್ಮೀಟನ್ನನು 1767ರ ಸುಮಾರಿನಲ್ಲಿ ರಚಿಸಿದನು. ಇನ್ನೊಂದು ಮಾರ್ಗವು ನ್ಯೂ ರಿವರ್ ಎಂಬ ಕಾಲುವೆ. ಹ್ಯೂ ಮಿಡಲ್ಟನ್ ಎಂಬ ಸಾಹಸಿಯು ಹರ್ಟ್‌ಫರ್ಡ್‌ಷೈರಿನ ಊಟೆಗಳಿಂದ ಸುಮಾರು 40 ಮೈಲು ಕಾಲುವೆಯನ್ನು ತೋಡಿಸಿ 1613ರಲ್ಲಿ ನೀರನ್ನು ನಗರದ ಅಂಚಿಗೆ ತಂದಿದ್ದನು. ಇಳಿಜಾರಿನಲ್ಲಿ ತಾನಾಗಿ ಹರಿದುಬರುವ ಈ ನೀರಿಗೆ ಯಂತ್ರವೇ ಬೇಕಿರಲಿಲ್ಲ. ಆದರೆ ನಗರವು ಬೆಳೆದು ಎತ್ತರದ ಬೀದಿಗಳಿಗೆ ಹಬ್ಬಿದಾಗ, ತಾನಾಗಿ ಹರಿಯುವ ನೀರು ಆ ಮನೆಗಳಿಗೆ ಏರಲಾರದೆ ಹೋಯಿತು. ಎತ್ತರದಲ್ಲೊಂದು ಕೊಳವನ್ನು ಕಟ್ಟಿ ಅದಕ್ಕೆ ಕೆಳಗಿನಿಂದ ನೀರನ್ನು ಏರಿಸಬೇಕಾಯಿತು. ಈ ಕೆಲಸವನ್ನು ಮೊದಲು ಗಾಳಿಯಂತ್ರವೂ ಬಳಿಕ ಕುದುರೆಗಳೂ ಮಾಡಿದವು. 1767ರಲ್ಲಿ ಕುದುರೆಗಳಿಗೆ ಬದಲಾಗಿ ಉಗಿಯಂತ್ರವನ್ನು ಕಟ್ಟಿಕೊಡಬೇಕೆಂದು ಕಂಪೆನಿಯು ಸ್ಮೀಟನ್ನನಿಗೆ ಒಪ್ಪಿಸಿತು.

ಆ ಕಾಲದ ಉಗಿಯಂತ್ರವು ನ್ಯೂಕೊಮೆನ್ ಎಂಬುವನು 1712ರಲ್ಲಿ ಪ್ರಚಾರಕ್ಕೆ ತಂದುದು. ದೊಡ್ಡ ಸಿಲಿಂಡರಿನೊಳಗೆ ಉಗಿಯನ್ನು ತುಂಬಿಸಿ, ಅನಂತರ ತಣ್ಣೀರನ್ನು ಒಳಗೆ ಚಿಮ್ಮಿಸಿದರೆ ಉಗಿಯು ಹನಿಗೂಡಿ ನೀರಾಗುತ್ತದೆ, ಒಳಗೆ ಬರಿದಾಗುತ್ತದೆ, ಆಗ ಹೊರಗಿನ ಗಾಳಿಯ ಒತ್ತಡವು ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಏತದ ಮರದಂತೆ ಮೇಲೆ ತೂಗುವ ತೊಲೆಯ ಒಂದು ತುದಿಯು ಹೀಗೆ ಇಳಿದಾಗ ಇನ್ನೊಂದು ತುದಿಯು ಪಂಪಿನ ಸರಳನ್ನು ಮೇಲಕ್ಕೆಳೆಯುತ್ತದೆ. ಗಣಿಗಳಲ್ಲಿ ಇಂತಹ ಯಂತ್ರಗಳು ಅರ್ಧ ಶತಮಾನದಿಂದಲೂ ನಡೆಯುತ್ತಿದ್ದವು. ಆದರೆ ಅವುಗಳ ದುಡಿಮೆಯನ್ನು ಕ್ರಮವಾಗಿ ಅಳೆದು ಹೋಲಿಸಿದವರು ಇರಲಿಲ್ಲ. ಗಣಿಯ ಬಾಯಲ್ಲಿ ಕಲ್ಲಿದ್ದಲು ಮಣ್ಣಿನಷ್ಟೇ ಅಗ್ಗ. ಅಲ್ಲಿ ಯಾರಿಗೆ ಲೆಕ್ಕದ ಗೊಡವೆ? ಲಂಡನ್ನಿನಲ್ಲಾದರೋ ಕಲ್ಲಿದ್ದಲು ಹಡಗಿನಲ್ಲಿ ಬರಬೇಕು. ಒಂದೊಂದು ಬುಟ್ಟಿಗೂ ಬೆಲೆ ತೆರಬೇಕು. ಪಟ್ಟಣಕ್ಕೆ ನೀರೆತ್ತುವ ಯಂತ್ರವೇ ಈ ಲೆಕ್ಕವನ್ನು ಅನಿವಾರ್ಯವಾಗಿ ಮಾಡಿತು.

ಸ್ಮೀಟನ್ನನು ತನ್ನ ಬುದ್ಧಿಯೆಲ್ಲವನ್ನೂ ಹಾಕಿ ಯಂತ್ರವನ್ನು ರಚಿಸಿದನು. ಹಳೆಯವುಗಳಿಗಿಂತ ಅದು ಉತ್ತಮವಾಗುವುದೆಂದು ಅವನು ದೃಢವಾಗಿ ನಂಬಿದ್ದನು. ಯಂತ್ರವು ನಡೆಯಿತು, ನೀರೂ ಏರಿತು. ಆದರೆ ಅವನು ನಿರೀಕ್ಷಿಸಿದ್ದಷ್ಟು ಕೆಲಸವು ಅದರಿಂದ ಬರಲಿಲ್ಲ.

ಈ ಘಳಿಗೆಯನ್ನು ನಾವು ಸ್ವಲ್ಪ ನಿಂತು ನೋಡಬೇಕು. ಸ್ಮೀಟನ್ನನಿಗೆ ಆಗ ನಲವತ್ತು ದಾಟಿದ್ದಿತು. ದೀಪಸ್ತಂಭದ ಕೀರ್ತಿಯು ದೇಶದಲ್ಲೆಲ್ಲ ಹರಡಿದ್ದಿತು. ನೀರು ಏರುತ್ತಿದ್ದುದರಿಂದ ಅವನು ಸುಮ್ಮನಿದ್ದಿದ್ದರೆ ಕೇಳುವವರಿರಲಿಲ್ಲ. ಕಲ್ಲಿದ್ದಲು ಕೆಟ್ಟುದೆಂದೋ, ಬೆಂಕಿ ಹಾಕುವವನು ಸೋಮಾರಿಯೆಂದೋ, ಸಿಲಿಂಡರನ್ನು ಎರಕಹೊಯ್ದವರು ತಪ್ಪಿದರೆಂದೋ ಒಂದು ವರದಿಯನ್ನು ಬರೆದು ಕೈತೊಳೆದುಕೊಳ್ಳಬಹುದಿತ್ತು. ಇಂತಹ ವರದಿಗಳನ್ನು ಬರೆಯುವ ವಿದ್ಯೆಯಲ್ಲಿ ಯಾವ ಕಾಲದ ಅಧಿಕಾರಿಗಳೂ ಹಿಂದೆ ಬಿದ್ದವರಲ್ಲ. ಸ್ಮೀಟನ್ನನು ಹಾಗೆ ಮಾಡಲಿಲ್ಲ. ತನಗೆ ಈ ಯಂತ್ರದ ವಿಷಯವು ತಿಳಿದಿಲ್ಲವೆಂದು ತನ್ನೊಳಗೆ ಒಪ್ಪಿಕೊಂಡು ಕಲಿಯಲು ಕುಳಿತನು.

ಆಸ್ಥಾರ್ಪಿನ ತನ್ನ ಮನೆಯ ಬಳಿಯಲ್ಲಿ ಹತ್ತು ಅಂಗುಲ ವ್ಯಾಸದ ಸಿಲಿಂಡರುಳ್ಳ ಒಂದು ಚಿಕ್ಕ ಉಗಿಯಂತ್ರವನ್ನು ಪರೀಕ್ಷೆಗಾಗಿಯೇ ನಿಲ್ಲಿಸಿದನು. ಅದರ ಮೇಲೆ ನೂರಮೂವತ್ತರಷ್ಟು ಪ್ರಯೋಗಗಳನ್ನು ಮಾಡಿದನು. ಅವನ ನಿಯಮವು ಸರಳವಾದುದು, ಪಾಲಿಸುವುದು ಕಠಿಣ. ಮೊದಲು ಯಂತ್ರವನ್ನು ಚೆನ್ನಾಗಿ ನಡೆಯುವ ಸ್ಥಿತಿಗೆ ತರಬೇಕು. ಅನಂತರ ಯಾವುದಾದರೊಂದು ಅಂಶವನ್ನು ಮಾತ್ರ ಬದಲಾಯಿಸಬೇಕು. ಉಳಿದುದೆಲ್ಲವೂ ಇದ್ದಂತೆಯೇ ಇರಬೇಕು. ಚಿಮ್ಮಿಸುವ ತಣ್ಣೀರು ಹೆಚ್ಚಾದರೆ ಏನು, ಕಡಿಮೆಯಾದರೆ ಏನು? ಭಾರವನ್ನು ಏರಿಸಿದರೆ ಏನು? ಕಲ್ಲಿದ್ದಲಿನ ಜಾತಿಯು ಬೇರೆಯಾದರೆ ಏನು? ಬೆಂಕಿಯನ್ನು ದಪ್ಪವಾಗಿ ಹಾಕಿದರೆ ಏನು, ತೆಳುವಾಗಿ ಹರಡಿದರೆ ಏನು? ಪ್ರತಿಯೊಂದಕ್ಕೂ ಉತ್ತರವನ್ನು ಅಂಕೆಗಳಲ್ಲಿ ಬರೆದನು. ಹತ್ತು ಸುಧಾರಣೆಗಳನ್ನು ಒಟ್ಟಿಗೆ ಮಾಡಿ, ಫಲವು ಯಾವುದರಿಂದ ಬಂದಿತೆಂದು ತಿಳಿಯದೆ ಎಲ್ಲವನ್ನೂ ಹೊಗಳಿಕೊಳ್ಳುವ ಪದ್ಧತಿಯು ಅವನದಾಗಿರಲಿಲ್ಲ.

ಅಷ್ಟರಿಂದಲೇ ಅವನಿಗೆ ತೃಪ್ತಿಯಾಗಲಿಲ್ಲ. ನಾಡಿನಲ್ಲಿ ನಡೆಯುತ್ತಿರುವ ಯಂತ್ರಗಳ ನಿಜಸ್ಥಿತಿಯೇನೆಂದು ತಿಳಿಯಬೇಕಾಗಿತ್ತು. 1769ರಲ್ಲಿ ನ್ಯೂಕ್ಯಾಸಲ್ ಪ್ರಾಂತದ ಗಣಿಗಳಲ್ಲಿ ನಡೆಯುತ್ತಿದ್ದ 15 ಯಂತ್ರಗಳ ವಿವರಗಳನ್ನು ಪಡೆದು ಒಂದು ಪಟ್ಟಿಯನ್ನು ಮಾಡಿದನು. ಎಲ್ಲಕ್ಕೂ ಒಂದೇ ಅಳತೆಗೋಲನ್ನು ಹಿಡಿದನು: ಒಂದು ಬುಷೆಲ್, ಅಂದರೆ 84 ಪೌಂಡು, ಕಲ್ಲಿದ್ದಲನ್ನು ಸುಟ್ಟರೆ ಎಷ್ಟು ಪೌಂಡು ನೀರು ಒಂದು ಅಡಿ ಎತ್ತರಕ್ಕೆ ಏರುತ್ತದೆ? ಇದನ್ನು ಇಂಜನಿಯರುಗಳು ಯಂತ್ರದ ಡ್ಯೂಟಿ ಎಂದು ಕರೆದರು. ದುಡಿಮೆಯೆಂದು ನಾವು ಕನ್ನಡದಲ್ಲಿ ಕರೆಯಬಹುದು. ಹದಿನೈದರಲ್ಲಿ ಅತ್ಯುತ್ತಮವಾದುದರ ದುಡಿಮೆ 74 ಲಕ್ಷ 40 ಸಾವಿರ. ಅತ್ಯಧಮವಾದುದರದು 32 ಲಕ್ಷ 20 ಸಾವಿರ. ಸರಾಸರಿ 55 ಲಕ್ಷ 90 ಸಾವಿರ. ಒಂದೇ ಬಗೆಯ ಯಂತ್ರಗಳು, ಒಂದೇ ಪ್ರಾಂತ, ಒಂದೇ ಕೆಲಸ. ಆದರೂ ಒಂದು ಯಂತ್ರವು ಇನ್ನೊಂದರ ಎರಡರಷ್ಟಕ್ಕಿಂತ ಹೆಚ್ಚು ಕಲ್ಲಿದ್ದಲನ್ನು ತಿಂದು ಅಷ್ಟೇ ನೀರನ್ನು ಎತ್ತುತ್ತಿದ್ದಿತು. ಈ ಭೇದವು ಅದುವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಎಲ್ಲ ಗಣಿಗಳಲ್ಲಿಯೂ ತೊಲೆಯು ತೂಗುತ್ತಿದ್ದಿತು, ನೀರು ಬರುತ್ತಿದ್ದಿತು. ಅದರಿಂದ ಎಲ್ಲ ಯಂತ್ರಗಳೂ ಚೆನ್ನಾಗಿವೆಯೆಂದೇ ಎಲ್ಲರೂ ತಿಳಿದಿದ್ದರು.

ಇಂದಿನ ಜ್ಞಾನದಿಂದ ನೋಡಿದರೆ, ಕಲ್ಲಿದ್ದಲಿನಲ್ಲಿ ಅಡಗಿದ್ದ ಶಾಖದ ನೂರರಲ್ಲಿ ಒಂದು ಪಾಲು ಕೂಡ ಆ ಸರಾಸರಿ ಯಂತ್ರದಲ್ಲಿ ಕೆಲಸಕ್ಕೆ ಬರುತ್ತಿರಲಿಲ್ಲ. ತೊಂಬತ್ತೊಂಬತ್ತು ಪಾಲಿಗೂ ಮಿಕ್ಕು ವ್ಯರ್ಥ.

ಕಾರಣಗಳು ಪಟ್ಟಿಯಿಂದಲೇ ಹೊರಬಿದ್ದವು. ಸಿಲಿಂಡರುಗಳನ್ನು ಸರಿಯಾಗಿ ಕೊರೆದಿರಲಿಲ್ಲ. ಪಿಸ್ಟನ್ನಿನ ಪಕ್ಕದಿಂದ ಗಾಳಿ ನುಸುಳುತ್ತಿದ್ದಿತು. ಬಾಯ್ಲರುಗಳ ರಚನೆ ಕೆಟ್ಟದ್ದಾಗಿದ್ದಿತು. ಬೆಂಕಿಯನ್ನು ಹಾಕುವ ಕ್ರಮವೇ ಇರಲಿಲ್ಲ. ಸ್ಮೀಟನ್ನನು ಒಂದೊಂದನ್ನೇ ಸರಿಪಡಿಸಿದನು. ಕ್ಯಾರನ್ ಕಬ್ಬಿಣದ ಕಾರ್ಖಾನೆಯಲ್ಲಿ ಸಿಲಿಂಡರುಗಳನ್ನು ಕೊರೆಯುವ ಯಂತ್ರವನ್ನು ಸುಧಾರಿಸಿದನು. ಶಾಖವು ನಷ್ಟವಾಗದಂತೆ ಪಿಸ್ಟನ್ನಿನ ಅಡಿಗೆ ಮರದ ಹಲಗೆಯನ್ನು ಹೊದಿಸಿದನು. ಬೆಂಕಿಯನ್ನು ತೆಳುವಾಗಿ, ಪ್ರಜ್ವಲವಾಗಿ, ಒಂದೇ ಸಮನಾಗಿ ಇಡುವಂತೆ ಕಲಿಸಿದನು. ಇದರಲ್ಲಿ ಹೊಸ ಸಿದ್ಧಾಂತವೊಂದೂ ಇರಲಿಲ್ಲ. ಆದರೂ 1772ರಲ್ಲಿ ಲಾಂಗ್ ಬೆಂಟನ್ ಗಣಿಯಲ್ಲಿ ಅವನು ನಿಲ್ಲಿಸಿದ 52 ಅಂಗುಲದ ಯಂತ್ರವು 94 ಲಕ್ಷ 50 ಸಾವಿರ ದುಡಿಮೆಯನ್ನು ತೋರಿಸಿತು. ಸರಾಸರಿಗಿಂತ ಇದು ನೂರಕ್ಕೆ ಸುಮಾರು 70ರಷ್ಟು ಹೆಚ್ಚು. ಕೇವಲ ಅಳತೆ, ಎಚ್ಚರಿಕೆ, ಒಳ್ಳೆಯ ಕೆಲಸಗಾರಿಕೆ — ಇವುಗಳಿಂದಲೇ ಇಷ್ಟಾಯಿತು.

ಬಳಿಕ ಅವನ ಯಂತ್ರಗಳಿಗೆ ಎಲ್ಲೆಡೆಯಿಂದ ಬೇಡಿಕೆ ಬಂದಿತು. ಕಾರ್ನ್‌ವಾಲಿನ ಚೇಸ್‌ವಾಟರ್ ಗಣಿಗೆ 1775ರಲ್ಲಿ 72 ಅಂಗುಲದ ಮಹಾಯಂತ್ರವನ್ನು ಕಟ್ಟಿದನು. ರಷ್ಯಾದ ಕ್ರೋನ್‌ಸ್ಟಾಟ್ ಬಂದರಿನಲ್ಲಿ ಹಡಗುಕಟ್ಟೆಯ ನೀರನ್ನು ಬರಿದುಮಾಡಲು ಅವನ ಯಂತ್ರವೇ ಹೋಯಿತು. ರಷ್ಯಾದ ರಾಣಿ ಕ್ಯಾಥರೀನಳು ಅವನನ್ನೇ ತನ್ನ ದೇಶಕ್ಕೆ ಕರೆಸಿಕೊಳ್ಳಲು ಬಯಸಿದಳೆಂದೂ, ಅವನು ಹೋಗಲೊಪ್ಪಲಿಲ್ಲವೆಂದೂ ಚರಿತ್ರಕಾರರು ಹೇಳುತ್ತಾರೆ.

ಇಷ್ಟರೊಳಗೆ ಇನ್ನೊಬ್ಬ ಮಹನೀಯನು ರಂಗಕ್ಕೆ ಬಂದಿದ್ದನು. ಪ್ರತಿಯೊಂದು ಎಳೆತಕ್ಕೂ ಸಿಲಿಂಡರನ್ನು ಕಾಯಿಸಿ ಮತ್ತೆ ತಣಿಸುವುದರಿಂದಲೇ ಮಹಾನಷ್ಟವಾಗುತ್ತಿದೆಯೆಂದು ಜೇಮ್ಸ್ ವಾಟ್ ಕಂಡುಹಿಡಿದಿದ್ದನು. ಉಗಿಯನ್ನು ಬೇರೊಂದು ಪಾತ್ರೆಯಲ್ಲಿ ತಣಿಸುವ ಉಪಾಯಕ್ಕೆ 1769ರಲ್ಲಿ ಸನ್ನದನ್ನೂ ಪಡೆದನು. ಅಷ್ಟು ನಯವಾದ ಯಂತ್ರವನ್ನು ಮಾಡಬಲ್ಲ ಉಪಕರಣಗಳಾಗಲಿ ಕೆಲಸಗಾರರಾಗಲಿ ದೊರೆಯುವುದು ಕಷ್ಟವೆಂದು ಸ್ಮೀಟನ್ನನು ಮೊದಲು ಸಂಶಯಪಟ್ಟನು. ಅದು ಅಸೂಯೆಯ ಮಾತಲ್ಲ. ಕಾರ್ಖಾನೆಗಳನ್ನು ಬಲ್ಲವನ ಅನುಭವದ ಮಾತು. ಆದರೆ 1776ರಿಂದ ವಾಟನ ಯಂತ್ರಗಳು ನಿಜವಾಗಿಯೇ ನಡೆಯತೊಡಗಿದವು. ಸ್ಮೀಟನ್ನನು ಅವನ್ನು ತನ್ನ ಅದೇ ಅಳತೆಗೋಲಿನಿಂದ ಪರೀಕ್ಷಿಸಿದನು. ತಾನು ವರ್ಷಗಟ್ಟಲೆ ಶ್ರಮಿಸಿ ಉತ್ತಮಪಡಿಸಿದ ಯಂತ್ರಕ್ಕಿಂತ ಸುಮಾರು ಇಮ್ಮಡಿ ಕೆಲಸವನ್ನು ವಾಟನ ಯಂತ್ರವು ಅಷ್ಟೇ ಕಲ್ಲಿದ್ದಲಿನಿಂದ ಮಾಡುತ್ತಿದ್ದಿತು.

ತನ್ನ ಕೋಲೇ ತನ್ನನ್ನು ಕಿರಿದೆಂದು ತೋರಿಸಿದಾಗ ಕೋಲನ್ನು ಬಿಸುಡುವವರೇ ಲೋಕದಲ್ಲಿ ಹೆಚ್ಚು. ಸ್ಮೀಟನ್ನನು ವಾಟನ ಯಂತ್ರವೇ ಮೇಲೆಂದು ಒಪ್ಪಿಕೊಂಡನು. ದೀಪಸ್ತಂಭವನ್ನು ಕಟ್ಟಿದ ದಿನಕ್ಕಿಂತ ಈ ದಿನವೇ ಅವನ ಬಾಳಿನಲ್ಲಿ ದೊಡ್ಡದೆಂದು ನಾವು ಎಣಿಸುತ್ತೇವೆ. ಸಮುದ್ರವನ್ನು ಎದುರಿಸಿ ನಿಲ್ಲುವ ಕಲ್ಲನ್ನು ಅವನು ಬಲ್ಲವನಾಗಿದ್ದನು; ತನ್ನ ಅಭಿಮಾನವನ್ನು ಎದುರಿಸಿ ನಿಲ್ಲುವ ಅಂಕೆಯನ್ನೂ ಬಲ್ಲವನಾಗಿದ್ದನು.

ಅವನ ಉಳಿದ ಕಾರ್ಯಗಳನ್ನು ವಿಸ್ತರಿಸಲು ಇಲ್ಲಿ ಸ್ಥಳವಿಲ್ಲ. ಸ್ಕಾಟ್ಲೆಂಡಿನ ಫೋರ್ತ್ ಮತ್ತು ಕ್ಲೈಡ್ ಕಾಲುವೆ, ಪರ್ತ್ ಮತ್ತು ಕೋಲ್ಡ್‌ಸ್ಟ್ರೀಮ್ ಸೇತುವೆಗಳು, ರಾಮ್ಸ್‌ಗೇಟ್ ಬಂದರು — ಇವೆಲ್ಲವೂ ಅವನ ಕೈಯವು. ಹೆಕ್ಸಮ್ಮಿನಲ್ಲಿ ಅವನು ಕಟ್ಟಿದ ಸೇತುವೆಯು 1782ರ ಪ್ರವಾಹದಲ್ಲಿ ಬಿದ್ದುಹೋದ ದುಃಖವನ್ನೂ ಅವನು ಅನುಭವಿಸಿದನು. ಸೈನ್ಯದ ಇಂಜನಿಯರುಗಳಿಂದ ಬೇರೆಯಾಗಿ, ಜನರ ಹಿತಕ್ಕಾಗಿ ಕಟ್ಟುವವರು ಸಿವಿಲ್ ಇಂಜನಿಯರುಗಳೆಂಬ ಹೆಸರನ್ನು ತಾನು ಧರಿಸಿ ಪ್ರಚಾರಕ್ಕೆ ತಂದವನೂ ಅವನೇ. 1771ರಲ್ಲಿ ಆ ವೃತ್ತಿಯವರ ಮೊದಲ ಸಂಘವು ಅವನ ಮುಂದಾಳುತನದಲ್ಲಿ ಸೇರಿತು. ಆಸ್ಥಾರ್ಪಿನಲ್ಲಿ ನಾಲ್ಕು ಅಂತಸ್ತಿನ ಗೋಪುರವೊಂದು ಅವನ ಕಾರ್ಯಸ್ಥಾನ. ಕೆಳಗೆ ಕುಲುಮೆ, ಅದರ ಮೇಲೆ ತಿರುಗಣಿ, ಅದರ ಮೇಲೆ ಮಾದರಿಗಳು, ಅದರ ಮೇಲೆ ಅಧ್ಯಯನ. ಅಲ್ಲಿ ಅವನು ಕುಳಿತಾಗ ಯಾರೂ ಅವನನ್ನು ಕರೆಯುವಂತಿರಲಿಲ್ಲ. ದೀಪಸ್ತಂಭದ ವೃತ್ತಾಂತವನ್ನು ಬರೆದು 1791ರಲ್ಲಿ ಪ್ರಕಟಿಸಿದನು. ಮರುವರ್ಷ ಸೆಪ್ಟೆಂಬರಿನಲ್ಲಿ ತೋಟದಲ್ಲಿ ನಡೆಯುತ್ತಿದ್ದಾಗ ಪಾರ್ಶ್ವವಾಯು ಬಡಿಯಿತು. 1792ನೆಯ ಇಸವಿ ಅಕ್ಟೋಬರ್ 28ರಂದು ಹುಟ್ಟಿದ ಊರಿನಲ್ಲಿಯೇ ತೀರಿಕೊಂಡನು.

ಅವನು ಹೋದರೂ ಅವನ ಲೆಕ್ಕವು ಉಳಿಯಿತು. ಬೌಲ್ಟನ್ ಮತ್ತು ವಾಟರು ತಮ್ಮ ಯಂತ್ರವು ಹಳೆಯದಕ್ಕಿಂತ ಎಷ್ಟು ಕಲ್ಲಿದ್ದಲನ್ನು ಉಳಿಸಿತೋ ಅದರ ಬೆಲೆಯಲ್ಲಿ ಮೂರನೆಯ ಒಂದು ಪಾಲನ್ನು ಪ್ರತಿಫಲವಾಗಿ ಪಡೆದರು. ಅದಕ್ಕಾಗಿ ಎಳೆತಗಳನ್ನು ಎಣಿಸುವ ಯಂತ್ರವನ್ನು ಬೀಗಹಾಕಿದ ಪೆಟ್ಟಿಗೆಯಲ್ಲಿಟ್ಟು ತೊಲೆಗೆ ಕಟ್ಟಿದರು. ಕಾರ್ನ್‌ವಾಲಿನಲ್ಲಿ 1811ರಿಂದ ಗಣಿಗಳ ಯಂತ್ರಗಳ ದುಡಿಮೆಯನ್ನು ತಿಂಗಳಿಗೊಮ್ಮೆ ಅಚ್ಚುಹಾಕಿ ಎಲ್ಲರಿಗೂ ಹಂಚತೊಡಗಿದರು. ಲೆಕ್ಕವು ಬಹಿರಂಗವಾದೊಡನೆ ಇಂಜನಿಯರುಗಳಲ್ಲಿ ಸ್ಪರ್ಧೆಯು ಹುಟ್ಟಿತು. ಕೆಲವೇ ದಶಕಗಳಲ್ಲಿ ದುಡಿಮೆಯು ಹಲವು ಮಡಿ ಬೆಳೆಯಿತು. ಪೂರ್ವ ಲಂಡನ್ನಿನ ನೀರಿನ ಕಂಪೆನಿಯ ಇಂಜನಿಯರನಾದ ಥಾಮಸ್ ವಿಕ್‌ಸ್ಟೀಡನು ಇದನ್ನು ಕಂಡು, ಗಣಿಗಳ ಈ ಯಂತ್ರವನ್ನು 1838ರ ಹೊತ್ತಿಗೆ ಓಲ್ಡ್ ಫರ್ಡಿನಲ್ಲಿ ನಗರದ ನೀರಿಗಾಗಿ ಹೂಡಿ, ಹಳೆಯ ಯಂತ್ರದೊಡನೆ ಅಕ್ಕಪಕ್ಕದಲ್ಲಿ ಅಳೆದು, ಫಲವನ್ನು ಪ್ರಕಟಿಸಿದನು. ಹೀಗೆ ಪಟ್ಟಣದ ನೀರಿನಿಂದ ಹುಟ್ಟಿದ ಲೆಕ್ಕವು ಗಣಿಗಳನ್ನು ಸುತ್ತಿ ಮತ್ತೆ ಪಟ್ಟಣದ ನೀರಿಗೇ ಬಂದು ಸೇರಿತು.

ಈ ಚರಿತ್ರೆಯು ನಮಗೇಕೆ ಎಂದು ವಾಚಕರು ಕೇಳಬಹುದು. ನಮ್ಮ ಬೆಂಗಳೂರಿಗೆ 1896ರಲ್ಲಿ ಹೆಸರಘಟ್ಟದ ನೀರು ಬಂದಾಗ ಅದನ್ನು ಸೋಲದೇವನಹಳ್ಳಿಯಿಂದ ಏರಿಸಿದುದು ಉಗಿಯಂತ್ರಗಳೇ. 1974ರಿಂದ ಕಾವೇರಿಯ ನೀರು ತೊರೆಕಾಡನಹಳ್ಳಿಯಿಂದ ಬರುತ್ತಿದೆ. ಸುಮಾರು 100 ಕಿಲೋಮೀಟರು ದೂರ. ಸುಮಾರು 500 ಮೀಟರು ಎತ್ತರ. ಇಷ್ಟು ಎತ್ತರಕ್ಕೆ ನೀರನ್ನು ಸೇದಿ ಬದುಕುವ ಮಹಾನಗರಗಳು ಲೋಕದಲ್ಲಿ ವಿರಳ. ಸ್ಮೀಟನ್ನನ ಲೆಕ್ಕವನ್ನು ಇಲ್ಲಿ ಹೂಡಿ ನೋಡೋಣ. ಸಾವಿರ ಲೀಟರು ನೀರಿನ ತೂಕ ಸಾವಿರ ಕಿಲೋಗ್ರಾಮು. ಯಾವ ನಷ್ಟವೂ ಇಲ್ಲದ ಕಲ್ಪನೆಯ ಪಂಪು ಒಂದು ಯೂನಿಟ್ ವಿದ್ಯುತ್ತಿನಿಂದ ಅದನ್ನು 367 ಮೀಟರು ಎತ್ತಬಲ್ಲದು. ಅದಕ್ಕಿಂತ ಒಂದು ಗೇಣೂ ಹೆಚ್ಚು ಎತ್ತಲಾರದು. ಆದುದರಿಂದ 500 ಮೀಟರಿಗೆ 1.36 ಯೂನಿಟ್ಟು ಬೇಕೇ ಬೇಕು. ಇದು ಪ್ರಕೃತಿಯು ವಿಧಿಸಿದ ಕಂದಾಯ. ಯಾವ ಸರ್ಕಾರವೂ ಇದನ್ನು ಮನ್ನಾ ಮಾಡಲಾರದು. ಇದರ ಮೇಲೆ ಪಂಪಿನ ನಷ್ಟ, ಮೋಟಾರಿನ ನಷ್ಟ, ಕೊಳವೆಯ ಉಜ್ಜಾಟದ ನಷ್ಟ. ಈ ಮೇಲಿನ ಪಾಲಷ್ಟೇ ಮನುಷ್ಯನ ಕೈಯಲ್ಲಿದೆ. ಅದು ಎಷ್ಟೆಂಬುದು ಅಳೆದವರಿಗೆ ಮಾತ್ರ ತಿಳಿದೀತು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳುವುದು ಅವಶ್ಯ. ಸಾವಿರ ಲೀಟರಿಗೆ ಇಷ್ಟು ಯೂನಿಟ್ಟೆಂದು ಎರಡು ಊರುಗಳನ್ನು ಹೋಲಿಸಿ, ಹೆಚ್ಚು ಖರ್ಚಾದ ಊರಿನವರನ್ನು ದೂಷಿಸುವುದು ನ್ಯಾಯವಲ್ಲ. ನದಿಯ ದಂಡೆಯ ಊರಿಗೂ ಬೆಟ್ಟದ ಮೇಲಿನ ಊರಿಗೂ ಒಂದೇ ಅಳತೆ ಹೇಗಾದೀತು? ನ್ಯೂಕ್ಯಾಸಲಿನ ಬುಷೆಲ್ 84 ಪೌಂಡು. ಕಾರ್ನ್‌ವಾಲಿನದು 94 ಪೌಂಡು. ಇದನ್ನು ಮರೆತು ಎರಡು ಪ್ರಾಂತಗಳ ಯಂತ್ರಗಳನ್ನು ಹೋಲಿಸಿದರೆ ಮೋಸಹೋಗುವುದು ನಿಶ್ಚಯ. ಎಷ್ಟು ನೀರು, ಎಷ್ಟು ಎತ್ತರ, ಎಷ್ಟು ಶಕ್ತಿ — ಈ ಮೂರು ಅಂಕೆಗಳೂ ಒಟ್ಟಿಗಿರಬೇಕು. ಇವುಗಳಲ್ಲಿ ಒಂದನ್ನು ಬಿಟ್ಟ ಲೆಕ್ಕವು ಲೆಕ್ಕವಲ್ಲ.

ಇನ್ನೊಂದು ಮಾತು. 500 ಮೀಟರು ಏರಿಬಂದ ನೀರು ಬೀದಿಯ ಒಡೆದ ಕೊಳವೆಯಿಂದ ಚರಂಡಿಗೆ ಹರಿದರೆ, ಅಲ್ಲಿ ಹರಿಯುವುದು ನೀರು ಮಾತ್ರವಲ್ಲ. ಅದನ್ನು ಏರಿಸಿದ ಶಕ್ತಿಯೂ ಹರಿಯುತ್ತದೆ. ಅದು ಕೊಡದ ತೂತಿನಿಂದ ಸೋರಿದ ಹೆಂಗಸಿನ ಶ್ರಮವೇ ಸರಿ. ಇಲ್ಲಿ ನೋಯುವ ತೋಳು ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ. ಸೋರಿಕೆಯನ್ನು ತಡೆಯುವ ಪ್ಲಂಬರನೂ ಹೊಸ ಪಂಪನ್ನು ಹೂಡುವ ಇಂಜನಿಯರನೂ ಒಂದೇ ಲೆಕ್ಕದ ಎರಡು ಬದಿಗಳಲ್ಲಿ ದುಡಿಯುವವರೆಂಬುದನ್ನು ನಮ್ಮ ಪುರಸಭೆಗಳು ಮರೆಯಬಾರದು.

ದೊಡ್ಡ ನಗರಗಳಲ್ಲಿ ತಜ್ಞರಿದ್ದಾರೆ. ಅವರಿಗೆ ನಾವು ಹೇಳಬೇಕಾದುದು ಹೆಚ್ಚಿಲ್ಲ. ಆದರೆ ನಾಡಿನ ಪ್ರತಿಯೊಂದು ಊರಿನ ಪಂಪುಮನೆಯಲ್ಲಿಯೂ ಒಂದು ಪುಸ್ತಕವಿರಲಿ. ಅದರಲ್ಲಿ ದಿನದಿನವೂ ಆ ಮೂರು ಅಂಕೆಗಳನ್ನು ಬರೆಯಲಿ; ತಿಂಗಳಿಗೊಮ್ಮೆ ಅವುಗಳನ್ನು ಪುರಸಭೆಯ ಬಾಗಿಲಿನಲ್ಲಿ ಜನರಿಗೆ ಕಾಣುವಂತೆ ಅಂಟಿಸಲಿ. ಅಂಕೆಯು ಕೆಟ್ಟದಾಗಿ ಬಂದ ತಿಂಗಳು ಅದನ್ನು ಮುಚ್ಚಿಡದಿರಲಿ. ನ್ಯೂ ರಿವರಿನ ದಡದಲ್ಲಿ ತನ್ನ ಯಂತ್ರವು ಸೋತಾಗ ಸ್ಮೀಟನ್ನನು ಅಂಕೆಯನ್ನು ಮುಚ್ಚಿಟ್ಟಿದ್ದರೆ ಲಾಂಗ್ ಬೆಂಟನ್ನಿನ ಯಂತ್ರವು ಹುಟ್ಟುತ್ತಿರಲಿಲ್ಲ. ಕೆಟ್ಟ ಅಂಕೆಯನ್ನು ಬರೆದಿಡುವ ಧೈರ್ಯವಿದ್ದ ಕಡೆಯಲ್ಲಿಯೇ ಒಳ್ಳೆಯ ಅಂಕೆಯು ಬಂದೀತೆಂಬುದು ಆ ಮಹನೀಯನ ಬಾಳಿನ ಪಾಠ. ಅದನ್ನು ಕಲಿಯಲು ಹಣ ಬೇಕಿಲ್ಲ. ಒಂದು ಪುಸ್ತಕ, ಒಂದು ಲೇಖನಿ, ಪ್ರಾಮಾಣಿಕನಾದ ಒಬ್ಬ ಗುಮಾಸ್ತ ಇದ್ದರೆ ಸಾಕು.